ಎಂಡ್ ಹಂಗ ಬಿಟ್ಟೇನಿ

ಬನಹಟ್ಟಿಗೆ ಟೆಂಟಿನ ಸಿನೇಮಾ ಬರುತ್ತಿದ್ದ ಕಾಲದಲ್ಲಿ ನಮ್ಮ ಓಣಿಯವರಿಗೆಲ್ಲ ಗೊತ್ತಿದ್ದ ಇಂಗ್ಲಿಷ್ ಬರಹ ಒಂದೇ: ಆಟ ಮುಗಿದಾಗ ಪರದೆಯ ತುಂಬ ಬೀಳುತ್ತಿದ್ದ ‘ದಿ ಎಂಡ್’. ಅದಕ್ಕೆ ಓದು ಬರಬೇಕಾಗಿರಲಿಲ್ಲ. ಆ ಆಕಾರ ಕಂಡರೆ ಏಳಬೇಕು, ಹಾಸಿಕೊಂಡ ಚಾದರ ಜಾಡಿಸಬೇಕು, ಚಪ್ಪಲಿ ಹುಡುಕಬೇಕು. ನಾಕನೆಯ ಇಯತ್ತೆಗೆ ಸಾಲಿ ಬಿಟ್ಟು ಮಗ್ಗಕ್ಕೆ ಕುಳಿತ ನನಗೆ ಆ ಶಬ್ದದ ಬಗ್ಗೆ ಅಷ್ಟು ತಿಳುವಳಿಕೆ ಸಾಕಾಗಿತ್ತು. ಓಣಿಯ ಮಾತಿನಲ್ಲೂ ಅದು ಸೇರಿಕೊಂಡಿತ್ತು. ಚಿಮಣಿಯಲ್ಲಿ ಎಣ್ಣೆ ತೀರಿದರೆ ‘ಎಂಡ್ ಆತು’. ಮಾತಾಡುತ್ತಿದ್ದ ಬೀಗರು ಸಿಟ್ಟಾಗಿ ಎದ್ದು ಹೋದರೆ ‘ಎಂಡ್ ಆತು’.

ಈಗ ಮೊಮ್ಮಗಳು ಅದನ್ನೇ ದಿನಕ್ಕೆ ಎಷ್ಟೋ ಸಲ ಅನ್ನುತ್ತಾಳೆ. ರೋಡಿನ ಎಂಡಿಗೆ ಆಟೋ ನಿಂತಿದೆ, ಪುಸ್ತಕದ ಎಂಡಿನಲ್ಲಿ ಉತ್ತರ ಇದೆ, ವೀಕೆಂಡಿಗೆ ಅತ್ತೆ ಬರುತ್ತಾಳೆ. ಆ ಶಬ್ದ ಕಿವಿಗೆ ಬಿದ್ದಾಗ ನನಗೆ ಸುಸ್ತಾಗುತ್ತದೆ. ಸುಸ್ತು ಎಂಬುದೇ ಅದಕ್ಕೆ ಸರಿಯಾದ ಮಾತು. ನನ್ನ ತಮ್ಮನ ವಿಷಯದಲ್ಲಿ ನಾನು ಮಾಡಿದ ಒಂದು ಕೆಲಸಕ್ಕೆ ಆ ಶಬ್ದವನ್ನು ನೆಪ ಮಾಡಿಕೊಂಡಿದ್ದೆ. ಕೇಳಿದವರಿಗೆಲ್ಲ ಅದೇ ನೆಪ ಹೇಳಿದೆ. ಕೇಳುವವರು ಯಾರೂ ಉಳಿದಿಲ್ಲವೆಂದು ಈಗ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಒಂದು ಕಿಟಕಿಯ ಬಳಿ, ಅದು ಅಪ್ಪನದು. ಇನ್ನೊಂದು ಒಳಗೋಡೆಗೆ, ಅದು ನನ್ನದು. ಕಿಟಕಿಯ ಬೆಳಕು ಅಪ್ಪನ ಮಗ್ಗದ ಮೇಲೆ ಬಿದ್ದು ಅಲ್ಲೇ ಮುಗಿಯುತ್ತಿತ್ತು. ನನ್ನ ಕಡೆ ಹಗಲಿನಲ್ಲೂ ಚಿಮಣಿ. ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು, ಅಂದರೆ ಹಾಸು, ಕೆಂಪು ಹಸಿರಾದರೆ ಹೇಗೋ ನಡೆಯುತ್ತಿತ್ತು. ಸಾವುಕಾರರು ಚಂದ್ರಕಾಳಿ ಸೀರೆಗೆ ನೂಲು ಕೊಟ್ಟರೆ, ಕಪ್ಪು ಎಳೆ, ಕಪ್ಪು ಕತ್ತಲೆ, ತುಂಡಾದದ್ದು ಯಾವುದೆಂದು ಬೆರಳಿನಿಂದಲೇ ಹುಡುಕಬೇಕು. ಎಂದಾದರೊಂದು ದಿನ ಕಿಟಕಿ ನನಗೆ ಬರುತ್ತದೆ ಎಂದು ಎಣಿಸಿಕೊಂಡೇ ನಾನು ಆ ಕತ್ತಲಲ್ಲಿ ದೊಡ್ಡವನಾದೆ. ದೊಡ್ಡ ಮಗನಿಗಲ್ಲದೆ ಇನ್ಯಾರಿಗೆ?

ತಮ್ಮ ನನಗಿಂತ ಹೆಚ್ಚು ಕಲಿತ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ. ಆಮೇಲೆ ಸೊಲ್ಲಾಪುರದ ಗಿರಣಿಗೆ ಸೇರಿದ. ಸಂಸ್ಥಾನ ಹೋಗಿ ನಾವು ಮುಂಬೈ ರಾಜ್ಯದವರಾಗಿದ್ದ ಹೊಸತರಲ್ಲಿ ಅಪ್ಪ ತೀರಿಕೊಂಡ. ತಮ್ಮ ಮಣ್ಣಿಗೆ ಬಂದವನು ತಿರುಗಿ ಹೋಗಲಿಲ್ಲ. ಗಿರಣಿಯ ಹತ್ತಿಯ ಧೂಳು ಕುಡಿದು ಕೆಮ್ಮು ಹಿಡಿದಿತ್ತು.

ಅಪ್ಪನ ಮಣ್ಣಾದ ಮರುದಿನ ಪಕ್ಕದ ಮನೆಯ ಕಾಕಾ ಬಂದು ಅಪ್ಪನ ಮಗ್ಗದ ಎಳೆಗಳನ್ನು ಕತ್ತರಿಸಿದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಹಾಸು ನೇಯ್ದು ತೀರಿದಾಗ ನೇಕಾರ ಎಳೆಗಳನ್ನು ಪೂರ್ತಿ ಹೊರಗೆ ಎಳೆಯುವುದಿಲ್ಲ. ಹಣಿಗೆಯ ಹಲ್ಲುಗಳಲ್ಲಿ, ದಾರದ ಕಣ್ಣುಗಳಲ್ಲಿ ಪೋಣಿಸಿದ್ದನ್ನು ಹಾಗೇ ಇಟ್ಟು, ಹಿಂದೆ ಗೇಣುದ್ದ ತುದಿ ಬಿಟ್ಟಿರುತ್ತಾನೆ. ಹೊಸ ಹಾಸು ಬಂದಾಗ ಆ ಒಂದೊಂದು ತುದಿಗೂ ಹೊಸ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತಾನೆ. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಹಾಗಾಗಿ ಬದುಕಿರುವ ನೇಕಾರನ ಮಗ್ಗ ಯಾವತ್ತೂ ಬರಿದಾಗುವುದಿಲ್ಲ. ಸತ್ತ ಮೇಲೆಯೇ ಅದನ್ನು ಕತ್ತರಿಸುವುದು. ನಮ್ಮ ಓಣಿಯಲ್ಲಿ ಅದು ಕಟ್ಟಳೆ. ಹಣಿಗೆ ಬರಿದಾಗಿ ಗೋಡೆಗೆ ತೂಗಿತೆಂದರೆ ಆ ಮನೆಯಲ್ಲಿ ಏನಾಗಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಅಪ್ಪನ ದಿನಕರ್ಮಗಳೆಲ್ಲ ಮುಗಿದ ಮೇಲೆ ಅವ್ವ ನಮ್ಮಿಬ್ಬರನ್ನೂ ಕರೆದು, ನನ್ನ ಮುಖ ನೋಡದೆ, “ಸಣ್ಣಾಂವ ಕಿಟಕಿ ಕಡೆ ಕೂಡಲಿ. ಅವಗ ಗಾಳಿ ಬೇಕು” ಎಂದಳು.

“ಕೂಡಲಿ ಬಿಡು” ಎಂದೆ. ಬೇರೆ ಏನು ಅನ್ನಲಿ? ಅವನ ಎದೆಯೊಳಗಿನ ಸದ್ದು ನನಗೂ ಕೇಳುತ್ತಿತ್ತು.

ಅವನು ತಾನೇ ಕುಳಿತು ಆ ಮಗ್ಗಕ್ಕೆ ಹೊಸದಾಗಿ ಎಳೆ ಪೋಣಿಸಿದ. ಅಗಲ ದಡಿಯ ಸೀರೆ, ಎಳೆಗಳ ಲೆಕ್ಕ ಬಹಳ. ಪೋಣಿಸುತ್ತ ಗಿರಣಿಯ ಮಾತುಗಳನ್ನು ಹೇಳುತ್ತಿದ್ದ. ಅಲ್ಲಿ ಹಾಸಿನ ಎಳೆಗೆ ಎಂಡ್ ಅನ್ನುತ್ತಾರಂತೆ. ಎಳೆ ತುಂಡಾದರೆ ಮುಕಾದಮ ‘ಎಂಡ್ ಹೋತು’ ಎಂದು ಒದರುತ್ತಾನಂತೆ. ‘ದಿ ಎಂಡ್’ ಅಂದರೆ ಮುಗಿಯುವುದಲ್ಲವೇ ಎಂದು ನಾನು ಕೇಳಿದೆ. “ಅದೂ ಖರೆ, ಇದೂ ಖರೆ” ಎಂದ. “ತುದಿಗೂ ಎಂಡ್, ಎಳಿಗೂ ಎಂಡ್. ಇಂಗ್ಲೀಷರಿಗೆ ಶಬ್ದ ಕಡಿಮಿ ಬಿದ್ದಿರಬೇಕು.”

ಆ ವಾರ ಜಗಲಿಯಲ್ಲಿ ಊಟಕ್ಕೆ ಕುಳಿತಾಗಲೂ ಅವನು ಗಿರಣಿಯ ಸುದ್ದಿಯನ್ನೇ ತೆಗೆದ. ಕಾಕಾನೂ ಎಲೆಯಡಿಕೆ ಹಾಕಿಕೊಳ್ಳುತ್ತ ಅಲ್ಲಿಯೇ ಇದ್ದ.

“ಒಬ್ಬೊಬ್ಬನ ಕೈಯಾಗ ಎಷ್ಟ ಎಂಡ್ ಇರತಾವು ಗೊತ್ತೇನ ಅವ್ವಾ? ಕಣ್ಣು ಮುಚ್ಚಂಗಿಲ್ಲ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೆಂಡಾ? ದಾರೂಬಂದಿ ಐತಿ ಅಂತಾರಲ್ಲೋ ಎಲ್ಲಾ ಕಡೆ?”

“ಗಿರಣಿ ಒಳಗ ಇಲ್ಲ ಬೇ. ಅಲ್ಲಿ ಮುಕಾದಮನ ನಿಂತು, ‘ಏ, ಎಂಡ್ ಹಿಡಿ, ಎಂಡ್ ಹಿಡಿ’ ಅಂತಾನು” ಎಂದ ತಮ್ಮ, ಬೇಕೆಂದೇ.

“ಹೆಂಡ ಹಿಡಿ ಅಂತಾನಾ? ಅದಕ್ಕ ಹಿಂಗ ಕೆಮ್ಮಾಕತ್ತೀ ನೋಡು. ನಿಮ್ಮಪ್ಪ ಹುಟ್ಟಿದಾಗಿಂದ ಮುಟ್ಟಿರಲಿಲ್ಲ.”

ಕಾಕಾ ನಕ್ಕು ಎಲೆಯಡಿಕೆ ನೆತ್ತಿಗೇರಿಸಿಕೊಂಡ. ಅವ್ವನ ಮುಖ ನೋಡಿ ಪಾಪ ಎನಿಸಿ ನಾನೇ ಹೇಳಿದೆ: “ಹೆಂಡ ಅಲ್ಲ ಅವ್ವಾ, ಎಂಡ್. ಎಂಡ್ ಅಂದ್ರ ಹಾಸಿನ ಎಳಿ. ಅಂವ ನಿನ್ನ ಆಡಸಾಕತ್ತಾನ.”

ಹೇಳಿದವನು ನಾನು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಮಾತ್ರ ಮರೆಯುವ ಹಂಚಿಕೆಯಲ್ಲಿದ್ದೆ.

ಮುಂದಿನ ಮಳೆಗಾಲಕ್ಕೆ ಅವನ ಕೆಮ್ಮಿನಲ್ಲಿ ರಕ್ತ ಬಿತ್ತು. ಮಿರಜಿನ ದವಾಖಾನೆಗೆ ಹೋಗುವುದೆಂದಾಯಿತು. ಅವನ ಮಗ್ಗದಲ್ಲಿ ಒಂದು ಹಾಸು ಆಗಷ್ಟೇ ತೀರಿತ್ತು. ತುದಿಗಳನ್ನು ಗೊಂಚಲು ಗೊಂಚಲಾಗಿ ಗಂಟು ಕಟ್ಟಿ, ಮೇಲೆ ಹಳೆಯ ಧೋತರ ಹೊಚ್ಚಿದ. ಕುಡಚಿ ಸ್ಟೇಷನ್ನಿಗೆ ಹೋಗುವ ಬಸ್ಸಿಗೆ ಅವನನ್ನು ಹತ್ತಿಸಲು ನಾನು ಹೋದೆ. ಗಂಟು ಒಳಗೆ ಕೊಟ್ಟೆ. ಅವನು ಕಿಟಕಿಯಿಂದ ಬಗ್ಗಿ, “ಅಣ್ಣಾ, ಎಂಡ್ ಹಂಗ ಬಿಟ್ಟೇನಿ” ಎಂದ.

“ಹೂಂ” ಎಂದೆ.

“ಹಂಗ ಇರಲಿ.”

“ಹೂಂ ಅಂದೆನಲ್ಲೋ.”

ಬಸ್ಸು ಹೋಯಿತು.

ಮಿರಜಿನಿಂದ ಬಂದವರು ಅವನು ಚಲೋ ಆಗುತ್ತಿದ್ದಾನೆ ಎಂದು ಹೇಳುತ್ತಿದ್ದರು. ಮನೆಗೆ ಹೋದ ಮೇಲೆ ಗಾಳಿ ಬೆಳಕಿನ ಕಡೆ ಕುಳಿತು ಹಗುರಾಗಿ ನೇಯಬಹುದು ಎಂದು ಡಾಕ್ಟರರು ಹೇಳಿದ್ದಾರೆಂದೂ ತಿಳಿಯಿತು. ಅವ್ವ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು. ನಾನು ಕತ್ತಲಲ್ಲಿ ಚಂದ್ರಕಾಳಿ ನೇಯುತ್ತಿದ್ದೆ. ಎದುರಿಗೆ ಕಿಟಕಿ, ಕಿಟಕಿಯ ಬಿಸಿಲು, ಬಿಸಿಲಿನಲ್ಲಿ ಧೋತರ ಹೊಚ್ಚಿಕೊಂಡು ಸುಮ್ಮನಿದ್ದ ಮಗ್ಗ. ಒಂದು ಹಾಸು ಮುಗಿಯಿತು, ಇನ್ನೊಂದು ಬಂತು. ಬೆಳಕು ಯಾರಿಗೂ ಉಪಯೋಗವಾಗದೆ ದಿನವೂ ಬಂದು ಹೋಗುತ್ತಿತ್ತು. ಅವನು ತಿರುಗಿ ಬಂದರೆ ಅದು ಮತ್ತೆ ಅವನದೇ. ಬಂದೇ ಬರುತ್ತಾನೆ ಎಂಬುದು ಖಚಿತವಾದ ಮೇಲೆಯೇ ನನಗೆ ಸಂಕಟ ಹೆಚ್ಚಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಹಾಗೆಯೇ.

ಅವ್ವ ರಬಕವಿಗೆ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಧೋತರ ತೆಗೆದೆ. ಎಳೆಗಳ ತುದಿಗಳು ಅವನು ಕಟ್ಟಿದಂತೆಯೇ ಇದ್ದವು. ಅವುಗಳಿಗೆ ನನ್ನ ಕಪ್ಪು ಹಾಸನ್ನು ಕೆಚ್ಚಲು ಬರುವಂತಿರಲಿಲ್ಲ, ದಡಿಯ ಲೆಕ್ಕ ಬೇರೆ. ಆ ಮಗ್ಗ ನನಗೆ ಬೇಕೆಂದರೆ ಅವು ಹೋಗಬೇಕು. ಕತ್ತರಿ ತಂದೆ. ಒಂದು ಗೊಂಚಲು ಕತ್ತರಿಸಿದ ಮೇಲೆ ಉಳಿದದ್ದು ಸಲೀಸಾಯಿತು. ಎಲ್ಲವನ್ನೂ ಎಳೆದು ಹಾಕಿ, ಹಣಿಗೆಯನ್ನು ಗೋಡೆಯ ಗೂಟಕ್ಕೆ ತೂಗಿಸಿದೆ. ನನ್ನ ಹಣಿಗೆ ತರಲು ತಿರುಗಿದೆ. ಬಾಗಿಲಲ್ಲಿ ಕಾಕಾ ನಿಂತಿದ್ದ. ಬೆಂಕಿಪೆಟ್ಟಿಗೆ ಕೇಳಲು ಬಂದಿದ್ದನಂತೆ.

ಅವನು ಗೂಟವನ್ನು ನೋಡಿದ, ನೆಲದ ಮೇಲಿನ ಎಳೆಗಳನ್ನು ನೋಡಿದ. ಒಂದೂ ಮಾತು ಕೇಳಲಿಲ್ಲ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದ. ಯಾಕೆ ಹಾಗೆ ಹೋದನೆಂದು ನನಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ನನ್ನ ತಲೆಯ ತುಂಬ ಕಿಟಕಿ ಇತ್ತು.

ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಬಾಯಿಗೆ ಒತ್ತಿಕೊಂಡು ಬಂದು ಜಗಲಿಯ ಮೇಲೆ ಕುಳಿತರು. ಒಬ್ಬಳು ಅಳಲು ಸುರುಮಾಡಿದಳು. “ಯಾವಾಗ ಸುದ್ದಿ ಬಂತೋ ಯಪ್ಪಾ? ಹೆಣ ಅಲ್ಲೇ ಮಣ್ಣ ಮಾಡಿದ್ರೇನು?” ಎಂದು ಇನ್ನೊಬ್ಬಳು ಕೇಳಿದಳು. ಕಾಕಾ ಯಾಕೆ ಹಾಗೆ ಹೋದನೆಂದು ನನಗೆ ಆಗ ಹೊಳೆಯಿತು. ಇಲ್ಲ, ಅವನು ಬದುಕಿದ್ದಾನೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಸಂತೆಯ ಚೀಲ ಹೊತ್ತು ಓಣಿಯ ತಿರುವಿನಲ್ಲಿ ಬಂದಳು. ಜಗಲಿಯನ್ನು ನೋಡಿದಳು. ಚೀಲವನ್ನು ಮೆಲ್ಲಗೆ, ಮೊಟ್ಟೆ ಇದ್ದ ಹಾಗೆ, ನೆಲಕ್ಕಿಟ್ಟು ಅಲ್ಲೇ ರಸ್ತೆಯಲ್ಲಿ ಕುಳಿತಳು.

“ಅವ್ವಾ, ಅಂವ ಚಲೋ ಅದಾನ” ಎಂದು ಓಡಿದೆ. “ಯಾರೂ ಸತ್ತಿಲ್ಲ. ನಾನ ಎಳಿ ಕತ್ತರಿಸೇನಿ.”

“ಯಾಕ?” ಎಂದ ಕಾಕಾ, ನನ್ನ ಬೆನ್ನ ಹಿಂದಿನಿಂದ. “ಬದುಕಿದ್ದಾವನ ಎಳಿ ಯಾಕ ಕತ್ತರಿಸಿದ್ಯೋ?”

ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ಬಾಯಿಗೆ ಆ ಶಬ್ದ ಬಂತು. “ಅವನ ಹೇಳಿದ್ದ, ಎಂಡ್ ಅಂತ. ಬಸ್ಸಿನಾಗ ಕುಂತು, ಎಂಡ್, ಬಿಟ್ಟೇನಿ ಅಂದ. ಮಗ್ಗದ ಕೆಲಸಾ ಬಿಟ್ಟೇನಿ, ಮುಗೀತು ಅಂತ ತಿಳಕೊಂಡೆ. ನಾ ನಾಕನೇತ್ತೆ ಕಲತಾಂವ. ನನಗೇನ ಗೊತ್ತು ಇಂಗ್ಲೀಷು.”

ಟೆಂಟಿನ ಪರದೆ ನೋಡಿದ್ದವರಿಗೆಲ್ಲ ಅದು ಸರಿಯಾಗಿಯೇ ಕೇಳಿಸಿತು. ಹೆಂಗಸರು ಕಣ್ಣೊರೆಸಿಕೊಂಡು, ಸ್ವಲ್ಪ ನಕ್ಕು, ಸ್ವಲ್ಪ ಬೈದು ಎದ್ದರು. ಕಾಕಾ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ನನ್ನನ್ನು ಬಹಳ ಹೊತ್ತು ನೋಡಿದ. ಅವ್ವ ಚೀಲ ಎತ್ತಿಕೊಂಡು ಒಳಗೆ ಹೋಗಿ ನೆಲದ ಮೇಲಿನ ಎಳೆಗಳನ್ನು ಒಂದೂ ಬಿಡದೆ ಆರಿಸಿದಳು.

ತಮ್ಮ ದೀಪಾವಳಿಯ ಮುಂಚೆ ಬಂದ. ಮೈ ತುಂಬಿಕೊಂಡಿತ್ತು. ಕುಡಚಿಯಲ್ಲಿ ಬಸ್ಸು ಹತ್ತುವಾಗ ರಬಕವಿಯ ಒಬ್ಬ ಪರಿಚಯದವನು ಇವನನ್ನು ಕಂಡು ಹಿಂದೆ ಸರಿದನಂತೆ. “‘ನೀ ಅದೀಯೇನೋ?’ ಅಂದ ಅಣ್ಣಾ. ‘ಯಾಕ, ಟಿಕೀಟ ತಗದೇನಿ’ ಅಂದೆ” ಎಂದು ನಗುತ್ತ ಹೊಸ್ತಿಲು ದಾಟಿದ. ಆಮೇಲೆ ಅವನ ನಗು ನಿಂತಿತು. ಕಿಟಕಿಯ ಮಗ್ಗದಲ್ಲಿ ನನ್ನ ಕಪ್ಪು ಹಾಸು ಇತ್ತು, ಗೂಟದಲ್ಲಿ ಅವನ ಹಣಿಗೆ.

ಕಾಕಾ ಅವನ ಹಿಂದೆಯೇ ಒಳಗೆ ಬಂದಿದ್ದ. ಅವ್ವ ಒಲೆಯ ಮುಂದಿನಿಂದ ಎದ್ದು ನಿಂತಿದ್ದಳು. ನಾನು ಕುಣಿಯಲ್ಲಿ ಕುಳಿತಿದ್ದವನು ಏಳಲಿಲ್ಲ. ಕುಳಿತಲ್ಲಿಂದಲೇ ಅದೇ ಮಾತು ಹೇಳಿದೆ: ಎಂಡ್ ಅಂದದ್ದು ತಿಳಿಯಲಿಲ್ಲ, ಮುಗೀತು ಅಂದುಕೊಂಡೆ.

ತಮ್ಮ ನನ್ನ ಮುಖ ನೋಡಿದ. ಆಮೇಲೆ ಅವ್ವನ ಕಡೆ ನೋಡಿದ. ಆಮೇಲೆ ಕಾಕಾನ ಕಡೆ ತಿರುಗಿ, “ತಪ್ಪು ನಂದರೀ ಕಾಕಾ” ಎಂದ. “ಮೂರ ಇಯತ್ತೆ ಹೆಚ್ಚ ಕಲತೇನಂತ ಇಂಗ್ಲೀಷ ಹೊಡದೆ. ಕನ್ನಡದಾಗ ಹೇಳಿದ್ರ ಅಣ್ಣಗ ಗೊತ್ತಾಗತಿತ್ತು.”

ತಪ್ಪಿಸಿಕೊಂಡೆ ಎಂದುಕೊಂಡೆ. ಅವನು ಒಳಮಗ್ಗದಲ್ಲಿ ಕೂರುವಂತಿರಲಿಲ್ಲ. ಕತ್ತಲೆಯ ತಂಪು ಅವನಿಗೆ ಆಗುತ್ತಿರಲಿಲ್ಲ. “ಇದೊಂದು ಹಾಸು ಮುಗೀಲಿ, ಏಳತೇನಿ” ಎಂದು ನಾನು ಬಾಯಿಮಾತಿಗೆ ಹೇಳಿದೆ. ಹಾಸು ಮುಗಿಯುವ ಮೊದಲೇ ಅವನು ಮುಧೋಳಕ್ಕೆ ಹೋದ. ಅಲ್ಲಿ ಒಂದು ಅರಿವೆ ಅಂಗಡಿಯಲ್ಲಿ ಕೆಲಸ ಸಿಕ್ಕಿತಂತೆ. ಗಾದಿಯ ಮೇಲೆ ಕುಳಿತು ಖಣ, ಸೀರೆ ಬಿಚ್ಚಿ ತೋರಿಸುವ ಕೆಲಸ. ಅವ್ವ ಬಾಗಿಲ ತನಕ ಹೋಗಿ ಹಿಂತಿರುಗಿದಳು.

ಕಿಟಕಿ ನನ್ನದಾಯಿತು. ಬೆಳಕಿನಲ್ಲಿ ಕೆಲಸ ಬೇಗ ಸಾಗುತ್ತದೆ ಎಂದುಕೊಂಡಿದ್ದೆ, ಸಾಗಿತು ಕೂಡ. ಸಾವುಕಾರರು ಎರಡು ಸಲ ಹೊಗಳಿದರು. ನಾನೇ ದಣಿಯತೊಡಗಿದೆ. ಸಂಜೆಗೆ ಕುಣಿಯಿಂದ ಎದ್ದಾಗ ಕಾಲು ನನ್ನವಲ್ಲ ಎನಿಸುತ್ತಿತ್ತು. ಬೆಳಿಗ್ಗೆ ಅದೇ ಕುಣಿಗೆ ಇಳಿಯಲು ಮನಸ್ಸಾಗುತ್ತಿರಲಿಲ್ಲ.

ಹೀಗೇ ಒಂದು ಬೇಸಗೆಯಲ್ಲಿ ಅವ್ವ ನನ್ನ ಪಕ್ಕದಲ್ಲಿ ಕುಳಿತು ರಾಟಿ ತಿರುಗಿಸುತ್ತ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು, “ಆ ಎಳಿ ತುಂಡಾಗೇತಿ ನೋಡು” ಎಂದೆ.

“ಎಂಡ್ ಹೋತೇನು?” ಎಂದಳು.

ನಾನು ಲಾಳಿ ನಿಲ್ಲಿಸಿದೆ.

“ಎಂಡ್ ಅಂದ್ರ ಎಳಿ ಅಂತ ನನಗ ಹೇಳಿದಾಂವ ನೀನ ಅಲ್ಲೇನೋ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ರಾಟಿಯೂ ನಿಲ್ಲಲಿಲ್ಲ. “ನಾ ಅವತ್ತ ಅಂಬಾಕಿದ್ದೆ. ಅಂವ ನನ್ನ ಕಡೆ ನೋಡಿ ಬ್ಯಾಡ ಅಂತ ಕಣ್ಣ ಮಾಡಿದ. ಕಾಕಾನ ಮುಂದ ನಿನ್ನ ಮಾನ ಹೋಗಬಾರದಂತ.”

“ಕಾಕಾಗೂ ಗೊತ್ತಿತ್ತಲ್ಲ” ಎಂದೆ.

“ಗೊತ್ತಿತ್ತು. ಅವನೂ ಅನಲಿಲ್ಲ.”

ಅಂದರೆ ಆ ಸುಳ್ಳನ್ನು ಆ ಮನೆಯಲ್ಲಿ ಯಾರೂ ನಂಬಿರಲಿಲ್ಲ. ಮೂವರೂ ಕೂಡಿ ಅದನ್ನು ನನಗಾಗಿ ಕಾಪಾಡಿದ್ದರು, ನಾನೊಬ್ಬನೇ ಗೆದ್ದೆನೆಂದು ತಿಳಿದಿದ್ದೆ.

ಮರುದಿನ ಮಹಾಲಿಂಗಪುರದ ಮೇಲೆ ಹೋಗುವ ಬಸ್ಸು ಹಿಡಿದು ಮುಧೋಳಕ್ಕೆ ಹೋದೆ. ತಮ್ಮ ಅಂಗಡಿಯ ಕಟ್ಟೆಯ ಮೇಲೆ ಬಟ್ಟೆಯ ತುಂಡುಗಳ ಗುಡ್ಡೆ ಹಾಕಿಕೊಂಡು ಕುಳಿತಿದ್ದ. ಹಳ್ಳಿಯ ಹೆಣ್ಣುಮಗಳೊಬ್ಬಳು ಅದರಲ್ಲಿ ಕೈಯಾಡಿಸುತ್ತಿದ್ದಳು.

“ಇವೇನರೀ, ಹರಕ ಅರಬಿ?” ಎಂದಳು.

“ಹರಕ ಅಲ್ಲ ಅಕ್ಕಾರ. ಎಂಡ್ ಪೀಸ್. ತಾನಿನ ತುದೀದು. ಕೂಸಿನ ಅಂಗಿಗೆ ಚಲೋ ಆಗತೈತಿ.” ಹೇಳುತ್ತ ತಲೆಯೆತ್ತಿದ, ನನ್ನನ್ನು ಕಂಡ. “ಬಾ ಅಣ್ಣಾ. ಅವ್ವ ಆರಾಮ?”

ಆ ಹೆಣ್ಣುಮಗಳು ಹೋಗುವ ತನಕ ಕಾದೆ. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. “ನನಗ ಗೊತ್ತಿತ್ತು ತಮ್ಮಾ. ನೀ ಬಸ್ಸಿನಾಗ ಅಂದದ್ದು. ಗೊತ್ತಿದ್ದ ಕತ್ತರಿಸಿದೆ” ಎಂದೆ.

ಅವನು ಕೈಯಲ್ಲಿದ್ದ ತುಂಡನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. “ಗೊತ್ತೈತಿ” ಎಂದ. “ಚಾ ಕುಡೀತಿಯೇನು?”

“ಬೈಯ್ಯೋ ಬೇಕಾರ.”

“ಬೈದ್ರ ನಿನಗ ಹಗುರಾಗತೈತಿ” ಎಂದ. ಸಿಟ್ಟಿನಿಂದಲ್ಲ, ಅರಿವೆಯ ದರ ಹೇಳಿದಂತೆ. “ನಾ ಮಿರಜಿನಾಗ ಮಕ್ಕೊಂಡು ದಿನಾ ಆ ಕಿಟಕೀ ನೆನಸತಿದ್ದೆ ಅಣ್ಣಾ. ಅದನ್ನ ನೆನಸಿಕೊಂಡ ಎದ್ದ ಕುಂತೆ. ಬೈಯಾಕ ನನ್ನ ಹಂತೇಕ ಮಾತಿಲ್ಲ.”

ಚಾ ತರಿಸಿದ. ಕುಡಿದೆವು. ಬಸವಳಿದವರಂತೆ ಇಬ್ಬರೂ ರಸ್ತೆ ನೋಡುತ್ತ ಕುಳಿತೆವು. ಹೊರಡುವಾಗ ಅವ್ವನ ಕುಪ್ಪಸಕ್ಕೆಂದು ಒಂದು ಎಂಡ್ ಪೀಸ್ ಸುತ್ತಿ ಕೊಟ್ಟ.

ಊರಿಗೆ ಬಂದು ನನ್ನ ಹಾಸನ್ನು ಒಳಮಗ್ಗಕ್ಕೆ ಸಾಗಿಸಿದೆ. ಗೂಟದ ಮೇಲಿನ ಹಣಿಗೆ ಇಳಿಸಿ, ಕಿಟಕಿಯ ಮಗ್ಗದಲ್ಲಿ ಅವನ ದಡಿಯ ಲೆಕ್ಕದಂತೆಯೇ ಎಳೆ ಪೋಣಿಸತೊಡಗಿದೆ. ದಿನದ ಕೆಲಸ ಮುಗಿಸಿ, ಹೊತ್ತು ಮುಳುಗುವ ಮುಂಚೆ ಸಿಕ್ಕಷ್ಟು. ಅವ್ವ ಎದುರಿಗೆ ಕುಳಿತು ಎಳೆ ಕೊಡುತ್ತಿದ್ದಳು. ತುದಿಗಳನ್ನು ಗೊಂಚಲು ಗೊಂಚಲಾಗಿ ಗಂಟು ಕಟ್ಟಿ ಅದೇ ಧೋತರ ಹೊಚ್ಚಿದೆ. ಅಷ್ಟರಲ್ಲಿ ನಮ್ಮ ಕಡೆಯ ಜಿಲ್ಲೆಗಳು ಮುಂಬೈ ಬಿಟ್ಟು ಮೈಸೂರಿಗೆ ಸೇರುತ್ತವೆಂಬ ಮಾತು ಸಂತೆಯಲ್ಲೆಲ್ಲ ನಡೆದಿತ್ತು.

ತಮ್ಮ ಒಂದು ಸಲ ಬಂದ, ಅವ್ವನಿಗೆ ಜ್ವರ ಬಂದಾಗ. ಅವಳ ಹತ್ತಿರ ಕುಳಿತು ಎದ್ದವನು ಧೋತರ ಸರಿಸಿ ನೋಡಿದ. ಮಗ್ಗದ ಅಂಚಿನಲ್ಲಿ ಕುಳಿತ. ಕಾಲು ಕುಣಿಯೊಳಗೆ ಬಿಡಲಿಲ್ಲ, ಹೊರಗೇ ಮಡಿಸಿಕೊಂಡ. ಬೆರಳಿನಿಂದ ಎಳೆಗಳನ್ನು ಒಂದು ದಡಿಯಿಂದ ಇನ್ನೊಂದು ದಡಿಯ ತನಕ ಸವರುತ್ತ ಹೋಗಿ ಒಂದು ಕಡೆ ನಿಂತ.

“ಇಲ್ಲೆ ತಪ್ಪೈತಿ. ಒಂದ ಹಲ್ಲಿನಾಗ ಎರಡ ಹೊಕ್ಕಾವು.”

“ತಗೀತೇನಿ ಬಿಡು.”

“ತಡಿ” ಎಂದು ತಾನೇ ತೆಗೆದು ಸರಿಯಾಗಿ ಪೋಣಿಸಿ ತುದಿಗೆ ಗಂಟು ಹಾಕಿದ. ಅವನ ಕೈಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು.

“ಒಂದ ಗಳಿಗಿ ಕುಂತ ನೋಡೋ” ಎಂದೆ. “ನಿಂದ ಅದು.”

ಅವನು ಬಿಸಿಲಿನತ್ತ ನೋಡಿದ. ಹೌದೆನ್ನುತ್ತಾನೆ ಎಂದು ನನಗೆ ಅನಿಸಿತು. “ಅಂಗಡ್ಯಾಗ ಹೇಳಿ ಬಂದಿಲ್ಲಣ್ಣಾ” ಎಂದು ಎದ್ದು ಧೋತರ ಮೊದಲಿನಂತೆ ಹೊಚ್ಚಿದ. “ನೀ ಕೂಡು. ಕಣ್ಣು ಕಳಕೋಬ್ಯಾಡ.”

ಬಸ್ಸಿಗೆ ಹತ್ತಿಸಲು ಹೋದೆ. ಅವನು ಕಿಟಕಿಯಿಂದ ಬಗ್ಗಿ ಏನಾದರೂ ಹೇಳುತ್ತಾನೇನೋ ಎಂದು ಬಸ್ಸು ಹೊರಡುವ ತನಕ ಕೆಳಗೆ ನಿಂತಿದ್ದೆ. ಅವನು ಕೈ ಮಾಡಿದ, ಅಷ್ಟೇ.

ಮುಂದೆ ಕಣ್ಣು ಮಂಜಾಗುವ ತನಕ ನಾನು ಒಳಮಗ್ಗದಲ್ಲೇ ನೇಯ್ದೆ. ಅವ್ವ ಹೋದಳು, ಕಾಕಾ ಹೋದ. ತಮ್ಮ ಮುಧೋಳದಲ್ಲೇ ಸಂಸಾರ ಮಾಡಿ ಅಲ್ಲೇ ತೀರಿಕೊಂಡ. ಮಣ್ಣು ಮುಗಿಸಿ ಬಂದ ಮರುದಿನ ಓಣಿಯ ಹುಡುಗರು, “ಕಿಟಕಿ ಮಗ್ಗದ ಎಳಿ ಈಗ ಕತ್ತರಿಸಬೇಕಲ್ರೀ ಅಜ್ಜಾರ” ಎಂದು ಕತ್ತರಿ ತಂದರು. ಕಟ್ಟಳೆ ಅದೇ, ಅವರದೇನೂ ತಪ್ಪಿಲ್ಲ. ಒಮ್ಮೆ ಕತ್ತರಿಸಿ ಆಗಿದೆ ಎಂದು ಹೇಳಿ ಅವರನ್ನು ಕಳಿಸಿದೆ.